ಗ್ರೀಸ್ ದ್ವೀಪಕ್ಕೆ ಹೊರಟವರೇ, ಕಾಲು ಕೆಳಗೆ ಬಿಡಬೇಡಿ

ಸ್ಯಾಂಟೊರಿನಿಗೋ ನಾಕ್ಸೋಸ್‌ಗೋ ಮಿಲೋಸ್‌ಗೋ ಟಿಕೆಟ್ ಬುಕ್ ಮಾಡಿ, ಅಲ್ಲಿ ಇಳಿದ ಮೇಲೆ ಒಂದು ನಾಲ್ಕು ಚಕ್ರದ ಕ್ವಾಡ್ ಬೈಕ್ ಬಾಡಿಗೆಗೆ ತಗೊಂಡು ಸುತ್ತೋಣ ಅಂತ ಲೆಕ್ಕ ಹಾಕುತ್ತಿರುವ ಎಲ್ಲ ಕನ್ನಡದವರಿಗೆ,

ನಮಸ್ಕಾರ.

ನಾನು ಮೈಸೂರಿನವನು. ವಯಸ್ಸು 47. ಪಿಯುಸಿಯಲ್ಲಿ ಅಪ್ಪನ ಲೂನಾ ಕದ್ದು ಓಡಿಸಲು ಶುರು ಮಾಡಿದವನು ಇವತ್ತಿನವರೆಗೂ ಗಾಡಿ ಬಿಟ್ಟಿಲ್ಲ. ಮಳೆಗಾಲದಲ್ಲಿ ಆಗುಂಬೆ ಇಳಿದಿದ್ದೇನೆ. ಚಾರ್ಮಾಡಿಯ ಮಂಜಿನಲ್ಲಿ ಮುಂದಿನ ಲಾರಿಯ ಕೆಂಪು ದೀಪ ನೋಡಿಕೊಂಡೇ ಘಾಟಿ ದಾಟಿದ್ದೇನೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಾಲ್ಕು ವರ್ಷ ದಿನಾ ನಿಂತಿದ್ದೇನೆ. ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮಲ್ಲಿ ಒಂದು ಮಾತಿದೆ ಅಲ್ವಾ, 'ಬೆಂಗಳೂರಲ್ಲಿ ಗಾಡಿ ಓಡಿಸಿದವನು ಪ್ರಪಂಚದಲ್ಲಿ ಎಲ್ಲಿ ಬೇಕಾದರೂ ಓಡಿಸ್ತಾನೆ' ಅಂತ. ಅದನ್ನು ನಾನೂ ಹತ್ತಾರು ಸಲ ಹೇಳಿದ್ದೇನೆ. ಸ್ಯಾಂಟೊರಿನಿಯ ಬಾಡಿಗೆ ಅಂಗಡಿಯ ಮುಂದೆ ನಿಂತು ಕೊನೆಯ ಸಲ ಹೇಳಿದೆ. ಮಾರನೇ ದಿನ ಮಧ್ಯಾಹ್ನ ಅಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ.

ಸೆಪ್ಟೆಂಬರ್‌ನಲ್ಲಿ ನಾವು ನಾಲ್ಕು ಜನ ಹೋಗಿದ್ದೆವು. ನಾನು, ನನ್ನ ಹೆಂಡತಿ, ಅವಳ ತಮ್ಮ, ಅವನ ಹೆಂಡತಿ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ದೊಡ್ಡ ಹಡಗಿನಲ್ಲಿ ಹೊರಟು ಸ್ಯಾಂಟೊರಿನಿಯ ಅಥಿನಿಯೋಸ್ ಬಂದರಿನಲ್ಲಿ ಇಳಿದೆವು. ಬಂದರು ಇರುವುದು ಕಡಿದಾದ ಬಂಡೆಯ ಬುಡದಲ್ಲಿ. ಮೇಲಕ್ಕೆ ಹಾವಿನ ಹಾಗೆ ಸುತ್ತುವ ಒಂದೇ ರಸ್ತೆ. ಬಸ್ಸಿನ ಕಿಟಕಿಯಿಂದ ಕೆಳಗೆ ನೋಡಿದರೆ ನೇರ ಸಮುದ್ರ. ಆ ತಿರುವುಗಳಲ್ಲಿ ಬಸ್ಸಿನ ಡ್ರೈವರ್ ಒಂದು ಕೈಯಲ್ಲಿ ಸ್ಟೀರಿಂಗ್ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಯಾರಿಗೋ ಟಾಟಾ ಮಾಡುತ್ತಿದ್ದ. ನಮ್ಮ ಕೆಎಸ್ಆರ್‌ಟಿಸಿ ಡ್ರೈವರ್‌ಗಳ ಅಣ್ಣತಮ್ಮನ ಹಾಗೆ ಕಂಡ. ಅಲ್ಲೇ ನನಗೆ ಧೈರ್ಯ ಜಾಸ್ತಿ ಆಯ್ತು ಅನ್ನಿಸುತ್ತೆ.

ಪೆರಿಸ್ಸಾ ಅನ್ನುವ ಊರಿನಲ್ಲಿ ರೂಮು. ಕಪ್ಪು ಮರಳಿನ ಕಡಲತೀರ. ಬೀದಿಯುದ್ದಕ್ಕೂ ಬಾಡಿಗೆ ಅಂಗಡಿಗಳು, ಮುಂದೆ ಸಾಲಾಗಿ ಕ್ವಾಡ್‌ಗಳು. ನಾಲ್ಕು ದಪ್ಪ ಚಕ್ರ, ಅಗಲವಾದ ಸೀಟು, ಮೇಲೆ ಸ್ಕೂಟರ್ ತರಹದ ಹ್ಯಾಂಡಲ್. ನೋಡಿದರೆ ಮಕ್ಕಳ ಆಟದ ಸಾಮಾನು. ನಾಲ್ಕು ಚಕ್ರ ಇದೆ, ಬೀಳೋ ಪ್ರಶ್ನೆಯೇ ಇಲ್ಲ, ಸ್ಕೂಟರ್‌ಗಿಂತ ಸೇಫ್ ಅಂತ ಅಲ್ಲಿ ನಿಂತ ಯಾರಿಗೆ ಬೇಕಾದರೂ ಅನ್ನಿಸುತ್ತದೆ. ಅಂಗಡಿಯವನು ಲೈಸೆನ್ಸ್, ಇಂಟರ್‌ನ್ಯಾಷನಲ್ ಪರ್ಮಿಟ್ ನೋಡಿದ. ಕ್ರೆಡಿಟ್ ಕಾರ್ಡ್ ಉಜ್ಜಿದ. ನಾಲ್ಕು ಕಡೆ ಸಹಿ ಹಾಕಿಸಿಕೊಂಡ. ಇಲ್ಲಿ ಬ್ರೇಕ್, ಇಲ್ಲಿ ರಿವರ್ಸ್, ಇಲ್ಲಿ ಗ್ಯಾಸ್, ಬೈ ಬೈ. ಪಾಠ ಎರಡು ನಿಮಿಷಕ್ಕೆ ಮುಗಿಯಿತು. ನಾನೂ ಇನ್ನೇನೂ ಕೇಳಲಿಲ್ಲ. ಕೇಳಿದರೆ ಮರ್ಯಾದೆ ಏನಾಗಬೇಕು?

ಮೊದಲ ದಿನ ಏನೂ ಆಗಲಿಲ್ಲ. ಅದೇ ದೊಡ್ಡ ತೊಂದರೆ.

ಈಗ ಕ್ವಾಡ್ ಅನ್ನುವ ಪ್ರಾಣಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಪ್ರಾಣಿ ಅಂದದ್ದು ಸುಮ್ನೆ ಅಲ್ಲ. ಗ್ರೀಕರು ಆಡುಮಾತಿನಲ್ಲಿ ಇದನ್ನು 'ಗುರೂನಾ' ಅನ್ನುತ್ತಾರೆ. ಅಂದರೆ ಹೆಣ್ಣು ಹಂದಿ. ಓಡಿಸಿದ ಮೇಲೆ ಈ ಹೆಸರು ಎಷ್ಟು ಸರಿಯಾಗಿದೆ ಅಂತ ಗೊತ್ತಾಗುತ್ತದೆ. ಸ್ಕೂಟರ್ ಆದರೆ ತಿರುವಿನಲ್ಲಿ ನಾವು ವಾಲಿದರೆ ಗಾಡಿಯೂ ನಮ್ಮ ಜೊತೆ ವಾಲುತ್ತದೆ. ಹಂದಿ ವಾಲುವುದಿಲ್ಲ. ಎಷ್ಟೋ ಕ್ವಾಡ್‌ಗಳಲ್ಲಿ ಹಿಂದಿನ ಎರಡು ಚಕ್ರಕ್ಕೂ ಒಂದೇ ಗಟ್ಟಿ ಆಕ್ಸಲ್. ತಿರುವಿನಲ್ಲಿ ಒಳಗಿನ ಚಕ್ರ ಕಮ್ಮಿ ಸುತ್ತಬೇಕು, ಹೊರಗಿನದು ಜಾಸ್ತಿ ಸುತ್ತಬೇಕು. ಅದು ಸಾಧ್ಯವಾಗದೆ ಗಾಡಿ ನೇರ ಹೋಗಲಿಕ್ಕೇ ನೋಡುತ್ತದೆ. ಹ್ಯಾಂಡಲ್ ಅನ್ನು ಬಲವಾಗಿ ಎಳೆದು, ಮೈಯನ್ನು ಒಳಗಡೆಗೆ ಹಾಕಬೇಕು. ಜೋರಾಗಿ ಹೋಗುತ್ತಾ ಎಳೆದರೆ ಹೊರಗಡೆಗೆ ಮಗುಚುತ್ತದೆ. ಹಿಂದೆ ಒಬ್ಬರು ಕೂತಿದ್ದರಂತೂ ಇನ್ನೂ ಬೇಗ.

ಆಮೇಲೆ ಆಕ್ಸಿಲರೇಟರ್. ನಮ್ಮ ಗಾಡಿಗಳಲ್ಲಿ ಮುಂಗೈ ತಿರುಗಿಸುತ್ತೇವೆ. ಕ್ವಾಡ್‌ನಲ್ಲಿ ಬಲಗೈ ಹೆಬ್ಬೆರಳಿನ ಹತ್ತಿರ ಒಂದು ಚಿಕ್ಕ ಲಿವರ್. ಒತ್ತಿದರೆ ಓಡುತ್ತದೆ. ಗಾಬರಿ ಆದಾಗ ಮನುಷ್ಯ ಏನು ಮಾಡುತ್ತಾನೆ? ಹ್ಯಾಂಡಲ್ ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ಹೆಬ್ಬೆರಳೂ ಜೊತೆಗೇ ಒತ್ತುತ್ತದೆ. ನಿಲ್ಲಬೇಕಾದ ಹೊತ್ತಿಗೆ ಗಾಡಿ ಹಾರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕಾಲು. ನಾವು ದ್ವಿಚಕ್ರದ ಜನ. ಸ್ಪೀಡ್ ಕಮ್ಮಿ ಆದ ತಕ್ಷಣ ನಮ್ಮ ಕಾಲು ತಾನಾಗಿ ಕೆಳಗೆ ಬರುತ್ತದೆ. ಯಾವುದಾದರೂ ಸಿಗ್ನಲ್ ಹತ್ತಿರ ನಿಂತು ನೋಡಿ. ಗಾಡಿ ನಿಲ್ಲುವ ಹತ್ತು ಮಾರು ಮೊದಲೇ ಜನ ಎರಡೂ ಕಾಲು ಕೆಳಗೆ ಬಿಟ್ಟು ಹುಟ್ಟು ಹಾಕುವ ಹಾಗೆ ಬರುತ್ತಾರೆ. ನಾನೂ ಹಾಗೇ ಬರುತ್ತೇನೆ. 30 ವರ್ಷದ ಅಭ್ಯಾಸ ಅದು, ತಲೆಯನ್ನು ಕೇಳಿ ಮಾಡುವ ಕೆಲಸ ಅಲ್ಲ. ಆದರೆ ಕ್ವಾಡ್‌ನಲ್ಲಿ ನೀವು ಕಾಲು ಬಿಡುವ ಜಾಗದ ಹಿಂದೆಯೇ, ಅದೇ ನೇರದಲ್ಲಿ, ಹಿಂದಿನ ಚಕ್ರ ಬರುತ್ತಿರುತ್ತದೆ.

ಎರಡನೇ ದಿನ ಬೆಳಿಗ್ಗೆ ಪಿರ್ಗೋಸ್ ಕಡೆ ಏರು ಹತ್ತುತ್ತಿದ್ದೆವು. ಒಂದು ಕೂಡುರಸ್ತೆಯಲ್ಲಿ ದೊಡ್ಡ ಬಸ್ಸು ತಿರುಗುತ್ತಿತ್ತು. ಸ್ಪೀಡ್ ಇಳಿಸಿದೆ. ಕಾಲು ಕೆಳಗೆ ಬಂತು. ಗಾಡಿ ಇನ್ನೂ ಉರುಳುತ್ತಿತ್ತು. ಬಲಗಾಲಿನ ಹಿಮ್ಮಡಿಯನ್ನು ಟೈರು ಹಿಂದಿನಿಂದ ಹಿಡಿದು ತನ್ನ ಕೆಳಗೆ ಎಳೆದುಕೊಂಡಿತು. ನಾನು ಹಾಕಿದ್ದದ್ದು ಚಪ್ಪಲಿ. ನೋವಿಗೆ ಹ್ಯಾಂಡಲ್ ಬಿಗಿ ಹಿಡಿದೆ, ಹೆಬ್ಬೆರಳು ಒತ್ತಿತು, ಗಾಡಿ ಮುಂದಕ್ಕೆ ನೆಗೆದು ರಸ್ತೆ ಪಕ್ಕದ ಮೋಟು ಕಲ್ಲುಗೋಡೆಗೆ ಹೊಡೆಯಿತು. ಹಿಂದೆ ಕೂತಿದ್ದ ಹೆಂಡತಿ ಪಕ್ಕಕ್ಕೆ ಬಿದ್ದಳು. ಅವಳ ತಲೆ ಗೋಡೆಗೆ ತಾಗಿದ ಸದ್ದು ಇವತ್ತಿಗೂ ಕೇಳುತ್ತದೆ. ಟೊಪ್ ಅಂತ, ತೆಂಗಿನಕಾಯಿ ನೆಲಕ್ಕೆ ಬಿದ್ದ ಹಾಗೆ. ಅದು ಹೆಲ್ಮೆಟ್‌ನ ಸದ್ದು. ಬೆಳಿಗ್ಗೆ ಹೊರಡುವಾಗ 'ಈ ಬಿಸಿಲಲ್ಲಿ ಅದ್ಯಾಕೆ ಕಣೇ, ಫೋಟೋದಲ್ಲಿ ಮುಖವೇ ಕಾಣಲ್ಲ' ಅಂದಿದ್ದವನು ನಾನೇ. 'ನೀವು ಸುಮ್ನೆ ಓಡಿಸಿ ರೀ' ಅಂತ ಹೇಳಿ ಪಟ್ಟಿ ಎಳೆದು ಕಟ್ಟಿಕೊಂಡಿದ್ದಳು. ಹೆಲ್ಮೆಟ್ ಎಡಪಕ್ಕದಲ್ಲಿ ಅಂಗೈ ಅಗಲ ತರಚಿತ್ತು. ಅವಳಿಗೆ ಮೊಣಕೈ ಕಿತ್ತಿತ್ತು, ಅಷ್ಟೇ.

ಅಂದ ಹಾಗೆ ಹೆಲ್ಮೆಟ್ ಅಲ್ಲಿ ಕಾನೂನು. ಕ್ವಾಡ್‌ಗೂ ಕಡ್ಡಾಯ, ಹಿಂದೆ ಕೂತವರಿಗೂ ಕಡ್ಡಾಯ. ಇಡೀ ದ್ವೀಪದಲ್ಲಿ ಅರ್ಧಕ್ಕರ್ಧ ಟೂರಿಸ್ಟರು ಅದನ್ನು ಮೊಣಕೈಗೆ ನೇತುಹಾಕಿಕೊಂಡು ಓಡಾಡುತ್ತಿರುವುದು ಕಾಣುತ್ತದೆ. ಅವರನ್ನು ನೋಡಿ ನೀವೂ ಹಾಗೆ ಮಾಡಬೇಡಿ.

ತರಕಾರಿ ತುಂಬಿದ್ದ ಒಂದು ಪಿಕಪ್ ಗಾಡಿಯವನು ನಿಲ್ಲಿಸಿ ನಮ್ಮನ್ನು ಎಬ್ಬಿಸಿದ. ಏನೂ ಬೈಯಲಿಲ್ಲ. 'ಸಿಗಾ ಸಿಗಾ' ಅಂದ. ನಿಧಾನ, ನಿಧಾನ ಅಂತ. ಕಾರ್ಟೆರಾಡೋಸ್‌ನಲ್ಲಿ ಒಂದು ಆಸ್ಪತ್ರೆ ಇದೆ. ಅಲ್ಲಿಗೆ ಅವನೇ ಬಿಟ್ಟ. ನರ್ಸ್ ನನ್ನ ಕಾಲು ನೋಡಿ ಒಂದೇ ಮಾತು ಕೇಳಿದಳು: 'ಗುರೂನಾ?' ತಲೆಯಾಡಿಸಿದೆ. ಬೇರೆ ಏನೂ ಕೇಳಲಿಲ್ಲ, ಬರೆದುಕೊಂಡಳು. ಎಕ್ಸ್‌ರೇಯಲ್ಲಿ ಮೂಳೆ ಸರಿ ಇತ್ತು. ಆರು ಹೊಲಿಗೆ. ನನ್ನ ಪುಣ್ಯ. ದೊಡ್ಡ ಪೆಟ್ಟಾದರೆ ಈ ದ್ವೀಪಗಳಿಂದ ಹೆಲಿಕಾಪ್ಟರ್‌ನಲ್ಲೋ ವಿಮಾನದಲ್ಲೋ ಅಥೆನ್ಸ್‌ಗೋ ಕ್ರೀಟ್‌ಗೋ ಸಾಗಿಸಬೇಕಾಗುತ್ತದೆ. ಚಿಕ್ಕ ದ್ವೀಪಗಳಲ್ಲಂತೂ ಒಂದು ಆರೋಗ್ಯ ಕೇಂದ್ರ ಇದ್ದರೆ ಹೆಚ್ಚು.

ಇನ್ನು ದುಡ್ಡಿನ ವಿಷಯ. ಗ್ರೀಸ್‌ಗೆ ಹೋಗಲು ಬೇಕಾದ ಷೆಂಗೆನ್ ವೀಸಾಗೆ ಕಮ್ಮಿ ಅಂದರೆ 30,000 ಯೂರೋ ಆಸ್ಪತ್ರೆ ಖರ್ಚು ಭರಿಸುವ ಇನ್ಶೂರೆನ್ಸ್ ಬೇಕೇ ಬೇಕು. ಆ ಕಾಗದ ಕೈಯಲ್ಲಿದೆ, ಇನ್ನೇನು ಭಯ ಅಂದುಕೊಂಡಿದ್ದೆ. ಬಂದು ಕ್ಲೇಮ್ ಹಾಕಿದಾಗ ಪಾಲಿಸಿಯ ಹಿಂದಿನ ಪುಟಗಳಲ್ಲಿದ್ದ ಒಂದು ಸಾಲು ತೋರಿಸಿದರು. ಸಾಹಸ ಕ್ರೀಡೆಗಳ ಪಟ್ಟಿ. ಸ್ಕೈ ಡೈವಿಂಗ್, ಬಂಗೀ ಜಂಪಿಂಗ್, ಅವುಗಳ ಮಧ್ಯೆ ಕ್ವಾಡ್ ಬೈಕ್. ಕ್ಲೇಮ್ ವಾಪಸ್. ಸ್ಯಾಂಟೊರಿನಿಯಲ್ಲಿ ತರಕಾರಿ ತರುವವರೂ ಓಡಿಸುವ ಗಾಡಿ, ನಮ್ಮ ಇನ್ಶೂರೆನ್ಸ್‌ನವರಿಗೆ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದ್ದಕ್ಕೆ ಸಮ. ಆದರೆ ತಪ್ಪು ಅವರದ್ದು ಅನ್ನಲಾರೆ. ಬರೆದಿತ್ತು, ನಾನು ಓದಿರಲಿಲ್ಲ.

ಬಾಡಿಗೆ ಅಂಗಡಿಯ ಕಾಗದದಲ್ಲೂ ಅದೇ ಕಥೆ. ಕ್ವಾಡ್‌ಗೆ ಎಷ್ಟೋ ಕಡೆ ಇರುವುದು ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ. ಬೇರೆಯವರಿಗೆ ಹೊಡೆದರೆ ಅವರಿಗೆ ಸಿಗುತ್ತದೆ. ಗಾಡಿಗೆ ಆದ ಪೆಟ್ಟು ನಮ್ಮ ತಲೆಗೆ. ಮುಂದಿನ ಮಡ್‌ಗಾರ್ಡ್, ಲೈಟು, ಒಂದು ಕನ್ನಡಿ ಸೇರಿಸಿ 340 ಯೂರೋ ಕಾರ್ಡಿನಿಂದ ಹೋಯಿತು. ಆ ಲೈಟು ಮೊದಲೇ ಸೀಳಿತ್ತು ಅಂತ ನನಗೆ ಇವತ್ತಿಗೂ ಅನುಮಾನ. ಆದರೆ ತಗೊಳ್ಳುವಾಗ ನಾನು ಫೋಟೋ ತೆಗೆದಿರಲಿಲ್ಲ. ನನ್ನ ಫೋನಿನಲ್ಲಿ ಅವತ್ತು ತೆಗೆದ 112 ಫೋಟೋ ಇವೆ. ಒಂದರಲ್ಲೂ ಗಾಡಿಯ ಮುಂಭಾಗ ಇಲ್ಲ, ಎಲ್ಲದರಲ್ಲೂ ನನ್ನ ಮುಖವೇ ಇದೆ. ನೀವು ಬೀಗದ ಕೈ ತಗೊಳ್ಳುವ ಮೊದಲು ಗಾಡಿಯ ಸುತ್ತ ಒಂದು ವಿಡಿಯೋ ಮಾಡಿ, ಟೈರು, ಕನ್ನಡಿ, ಪೆಟ್ರೋಲ್ ಮುಳ್ಳು ಎಲ್ಲ ಕಾಣುವ ಹಾಗೆ. ಅಂಗಡಿಯವನ ಎದುರಿಗೇ ಮಾಡಿ.

ಮೊದಲ ದಿನ ಏನೂ ಆಗಲಿಲ್ಲ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಅವತ್ತು ಸಂಜೆ ಇಯಾಗೆ ಸೂರ್ಯಾಸ್ತ ನೋಡಲು ಹೋಗಿದ್ದೆವು. (ನಮ್ಮವರು ಓಯಾ ಅನ್ನುತ್ತಾರೆ. ಊರಿನವರು ಇಯಾ ಅನ್ನುತ್ತಾರೆ.) ದ್ವೀಪದ ಮುಖ್ಯ ಊರಾದ ಫಿರಾದಿಂದ ಇಯಾಗೆ ಸುಮಾರು 11 ಕಿಲೋಮೀಟರ್, ಹೆಚ್ಚಿನಂಶ ಗುಡ್ಡದ ಏಣಿನ ಮೇಲೆ. ಬೇಸಿಗೆಯಲ್ಲಿ ಉತ್ತರದಿಂದ ಬೀಸುವ ಗಾಳಿಗೆ ಅಲ್ಲಿ ಮೆಲ್ತೆಮಿ ಅನ್ನುತ್ತಾರೆ. ಜುಲೈ ಆಗಸ್ಟ್‌ನಲ್ಲಿ ಜಾಸ್ತಿ, ನಾವು ಹೋದಾಗಲೂ ಇತ್ತು. ಹಂದಿಯ ಮೇಲೆ ಕೂತವರನ್ನು ಪಕ್ಕಕ್ಕೆ ನೂಕುತ್ತದೆ. ಸೂರ್ಯ ಮುಳುಗಿದ ತಕ್ಷಣ ಊರಿಗೂರೇ ಒಟ್ಟಿಗೆ ಹೊರಡುತ್ತದೆ. ಕಾರು, ಬಸ್ಸು, ವ್ಯಾನು, ನೂರಾರು ಕ್ವಾಡ್. ಕತ್ತಲು. ಬೀದಿದೀಪ ಅಲ್ಲೊಂದು ಇಲ್ಲೊಂದು. ನಮ್ಮ ಲೈಟಿನ ಬೆಳಕು ನಾಲ್ಕು ಮಾರು ದೂರಕ್ಕೂ ಸಾಲದು. ಹಿಂದೆ ಕಾರುಗಳ ಸಾಲು, ಮೇಲೆ ಮೇಲೆ ಲೈಟ್ ಮಿಟುಕಿಸುವುದು. ಅದರ ಅರ್ಥ ನಮ್ಮ ಕಡೆಯದ್ದೇ: ನಾನು ಬರ್ತಿದ್ದೀನಿ, ಪಕ್ಕಕ್ಕೆ ಹೋಗು. ಅಷ್ಟರಲ್ಲಿ ಒಂದು ತಿರುವಿನಲ್ಲಿ ಎದುರಿಗೆ ನೇರವಾಗಿ ಎರಡು ದೀಪ ಬಂದವು. ಯಾವನೋ ಹುಚ್ಚ ರಾಂಗ್ ಸೈಡಲ್ಲಿ ಬರ್ತಿದ್ದಾನೆ ಅಂತ ಬೈದೆ. ಬಂದವನು ಸರಿ ಇದ್ದ. ಎಡಗಡೆ ಹೋಗುತ್ತಿದ್ದವನು ನಾನು.

ಇದು ನಾನು ಯೋಚಿಸಿ ಯೋಚಿಸಿ ಆಮೇಲೆ ಕಂಡುಕೊಂಡ ವಿಷಯ. ಗ್ರೀಸ್‌ನಲ್ಲಿ ಬಲಗಡೆ ಓಡಿಸಬೇಕು ಅಂತ ಎಲ್ಲರಿಗೂ ಗೊತ್ತು. ಗಾಡಿಗಳು ತುಂಬಿದ ರಸ್ತೆಯಲ್ಲಿ ತಪ್ಪು ಆಗುವುದಿಲ್ಲ, ಮುಂದಿನವನ ಹಿಂದೆ ಹೋದರೆ ಆಯ್ತು. ತಪ್ಪಾಗುವುದು ರಸ್ತೆ ಖಾಲಿ ಇದ್ದಾಗ. ಅಥವಾ ಫೋಟೋಗೆ ನಿಂತು, ಪೆಟ್ರೋಲ್ ಹಾಕಿಸಿ, ಊಟ ಮುಗಿಸಿ ಮತ್ತೆ ರಸ್ತೆಗೆ ಇಳಿಯುವ ಆ ಮೊದಲ ಹತ್ತು ಸೆಕೆಂಡ್. ಎಡಕ್ಕೆ ತಿರುಗಿದ ಮೇಲಂತೂ ಕೈ ತಾನಾಗಿ ನಮ್ಮೂರಿನ ಕಡೆಗೇ ಎಳೆಯುತ್ತದೆ. ಕಾರಿನಲ್ಲಿ ಇದಕ್ಕೆ ಒಂದು ನೆನಪಿನ ಗಂಟು ಇದೆ. ಅಲ್ಲಿ ಸ್ಟೀರಿಂಗ್ ಎಡಗಡೆ. ಹಾಗಾಗಿ ಓಡಿಸುವವರು ಯಾವಾಗಲೂ ರಸ್ತೆಯ ನಡುಗೆರೆಯ ಪಕ್ಕ ಇರಬೇಕು. ರಸ್ತೆಯ ಅಂಚಿನ ಪಕ್ಕ ಕೂತಿದ್ದೀರಾ? ಹಾಗಾದರೆ ತಪ್ಪು ಕಡೆ ಇದ್ದೀರಿ. ಕ್ವಾಡ್‌ನಲ್ಲಿ ಈ ಗಂಟೂ ಇಲ್ಲ. ನೀವು ಮಧ್ಯದಲ್ಲಿ ಕೂತಿರುತ್ತೀರಿ. ಯಾವ ಕಡೆ ಇದ್ದೀರಿ ಅಂತ ಗಾಡಿ ಹೇಳುವುದೇ ಇಲ್ಲ.

ಅದಕ್ಕೇ ನನ್ನ ಕೋರಿಕೆ: ಓಡಿಸಲೇಬೇಕು ಅಂದರೆ ಸಣ್ಣ ಕಾರು ತಗೊಳ್ಳಿ. ನಾವು ಸ್ಯಾಂಟೊರಿನಿಯಿಂದ ನಾಕ್ಸೋಸ್‌ಗೆ ಹೋದಾಗ ಹಾಗೇ ಮಾಡಿದೆವು. ನನ್ನ ಕಾಲಿಗೆ ಬ್ಯಾಂಡೇಜು. ಓಡಿಸಿದವಳು ಹೆಂಡತಿ. ಮೈಸೂರಿನ ಆರ್‌ಟಿಓದಲ್ಲಿ ಅವಳೂ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸುತ್ತೇನೆ ಅಂದಾಗ 'ನಿನಗ್ಯಾಕೆ, ಸುಮ್ನೆ ಸಾವಿರ ರೂಪಾಯಿ ದಂಡ' ಅಂದಿದ್ದೆ. ಆ ಸಾವಿರವೇ ಉಳಿದ ನಾಲ್ಕು ದಿನ ಕಾಪಾಡಿತು.

ನಾಕ್ಸೋಸ್ ಸ್ಯಾಂಟೊರಿನಿಯ ಐದು ಪಟ್ಟಿಗಿಂತ ದೊಡ್ಡದು, ಸುಮಾರು 430 ಚದರ ಕಿಲೋಮೀಟರ್. ಒಳಗೆಲ್ಲ ಬೆಟ್ಟ, ಆಲಿವ್ ತೋಟ, ಕಲ್ಲಿನ ಊರುಗಳು. ಇಲ್ಲಿ ಕಾರಿದ್ದರೆ ಚೆನ್ನ. ಮೊದಲ ಅರ್ಧ ಗಂಟೆ ಮಾತ್ರ ತಮಾಷೆ. ಗೇರ್ ಬಲಗೈಯಲ್ಲಿ. ಅವಳ ಎಡಗೈ ಗೇರ್ ಹುಡುಕುತ್ತಾ ಹೋಗಿ ಡೋರಿಗೆ ಗುದ್ದುತ್ತಿತ್ತು. ಇಂಡಿಕೇಟರ್ ಸ್ಟೀರಿಂಗಿನ ಎಡಗಡೆ. ನಮ್ಮ ಕಾರಿನ ಅಭ್ಯಾಸದಲ್ಲಿ ಬಲಗಡೆಯದ್ದು ಎಳೆದಾಗಲೆಲ್ಲ ವೈಪರ್ ಓಡುತ್ತಿತ್ತು. ಒಂದು ತುಣುಕು ಮೋಡ ಇಲ್ಲದ ಆಕಾಶದ ಕೆಳಗೆ ಕಿರ್ರ್ ಕಿರ್ರ್ ಅಂತ ವೈಪರ್ ಆಡಿಸಿಕೊಂಡು ನಾವು ಊರು ದಾಟಿದೆವು. ಕಾಫಿ ಅಂಗಡಿಯ ಮುದುಕರು ತಿರುಗಿ ನೋಡಿದರು. ನಾನು ಕೂತಿದ್ದದ್ದು ಬಲಗಡೆ ಸೀಟಿನಲ್ಲಿ, ಅಂದರೆ ನನ್ನ ಡ್ರೈವರ್ ಜಾಗದಲ್ಲೇ, ಸ್ಟೀರಿಂಗ್ ಇಲ್ಲದೆ. ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಹೊಲಿಗೆ ಹಾಕಿದ ಕಾಲು ನೋಯಿಸಿಕೊಂಡೆ. ಇನ್ನೊಂದು ಗಮನಿಸಿ. ಎಡಗಡೆ ಕೂತು ಅಭ್ಯಾಸ ಇಲ್ಲದವರು ಕಾರನ್ನು ಗೊತ್ತಿಲ್ಲದೆ ಬಲಕ್ಕೆ ತಳ್ಳುತ್ತಾ ಹೋಗುತ್ತಾರೆ. ಬಲಗಡೆಯ ಕನ್ನಡಿ ಗೋಡೆಗೆ ಸವರುತ್ತದೆ. ಪಕ್ಕದಲ್ಲಿ ಕೂತವರ ಕೆಲಸ ಅದನ್ನು ನೋಡುವುದು. ನಾನು ನಾಲ್ಕು ದಿನ ಅದನ್ನೇ ಮಾಡಿದೆ. ಮದುವೆಯಾಗಿ 19 ವರ್ಷದಲ್ಲಿ ನನ್ನ ಮಾತನ್ನು ಅವಳು ಅಷ್ಟು ಕೇಳಿದ್ದು ಅದೇ ಮೊದಲು.

ಫಿಲೋತಿ ಅನ್ನುವ ಊರು ದಾಟಿ ಅಪಿರಾಂಥೋಸ್ ಕಡೆ ಹೋಗುವಾಗ ರಸ್ತೆ ತುಂಬಾ ಆಡುಗಳು. ಹಾರನ್ ಮಾಡಿದರೆ ಅವು ನಮ್ಮನ್ನೇ ನೋಡುತ್ತಾ ನಿಂತವು. ಕಾದೆವು. ಆ ತಿರುವಿನಲ್ಲೇ ರಸ್ತೆಯ ಅಂಚಿಗೆ ಕಂಬದ ಮೇಲೆ ಒಂದು ಪುಟ್ಟ ಗುಡಿ ಇತ್ತು. ಹಕ್ಕಿಗೂಡಿನಷ್ಟು ದೊಡ್ಡದು. ಗಾಜಿನ ಬಾಗಿಲು, ಒಳಗೆ ಸಂತರ ಪಟ, ಎಣ್ಣೆಯ ಬಾಟಲಿ, ಒಂದು ದೀಪ. ದಾರಿಯುದ್ದಕ್ಕೂ ಇಂಥವು ಸಿಗುತ್ತವೆ. ಹೆಂಡತಿ ಸ್ಟೀರಿಂಗ್ ಬಿಟ್ಟು ಕೈಮುಗಿದಳು, ನಮ್ಮ ಊರಿನ ದಾರಿಯಲ್ಲಿ ಮಾರಮ್ಮನ ಗುಡಿಗೆ ಮುಗಿಯುವ ಹಾಗೆ. ರೂಮಿನ ಮನೆಯ ಅಜ್ಜಿಯನ್ನು ಕೇಳಿದಾಗ ಹೇಳಿದರು: ಕೆಲವನ್ನು ಆ ತಿರುವಿನಲ್ಲಿ ಸತ್ತವರ ಮನೆಯವರು ಕಟ್ಟಿಸುತ್ತಾರೆ, ಕೆಲವನ್ನು ಅಲ್ಲಿ ಬಿದ್ದೂ ಬದುಕಿದವರು ಹರಕೆ ತೀರಿಸಲು ಕಟ್ಟಿಸುತ್ತಾರೆ. ಯಾವುದು ಯಾರದ್ದು ಅಂತ ಹೊರಗಿನಿಂದ ಗೊತ್ತಾಗುವುದಿಲ್ಲ. ವಾಪಸ್ ಬರುವಾಗ ನಾನು ಎಣಿಸುತ್ತಾ ಬಂದೆ. ಎಲ್ಲವೂ ತಿರುವಿನಲ್ಲೇ ಇದ್ದವು.

ಕಾರು ತಗೊಳ್ಳುವವರಿಗೆ ಇನ್ನೊಂದೆರಡು ಮಾತು. ಫುಲ್ ಇನ್ಶೂರೆನ್ಸ್ ಅಂತ ಹೇಳಿದರೂ ಟೈರು, ಗಾಜು, ಕನ್ನಡಿ, ಗಾಡಿಯ ತಳ ಅದರಲ್ಲಿ ಸೇರಿದೆಯಾ ಕೇಳಿ. ಎಷ್ಟೋ ಕಡೆ ಇರುವುದಿಲ್ಲ. ಮಣ್ಣು ರಸ್ತೆಗೆ ಇಳಿದರೆ ಇನ್ಶೂರೆನ್ಸೇ ಇಲ್ಲ ಅಂತ ಬರೆದಿರುತ್ತಾರೆ. ಮಿಲೋಸ್‌ನ ಪಶ್ಚಿಮ ಭಾಗ, ಕ್ರೀಟ್‌ನ ಬಾಲೋಸ್‌ಗೆ ಹೋಗುವ ದಾರಿ, ಇವೆಲ್ಲ ಹಾಗೆ. ಮ್ಯಾಪ್ ದಾರಿ ತೋರಿಸುತ್ತದೆ, ಬಾಡಿಗೆ ಕಾಗದ ಒಪ್ಪುವುದಿಲ್ಲ. ಒಂದು ದ್ವೀಪದ ಗಾಡಿಯನ್ನು ಕೇಳದೆ ಹಡಗಿಗೆ ಹತ್ತಿಸಿ ಇನ್ನೊಂದು ದ್ವೀಪಕ್ಕೆ ಒಯ್ಯಬೇಡಿ.

ಬಂಕಿನಲ್ಲಿ 'ಪೆಟ್ರೋಲ್' ಅನ್ನಬೇಡಿ. ಅವರ ಭಾಷೆಯಲ್ಲಿ 'ಪೆತ್ರೆಲೆಯೋ' ಅಂದರೆ ಡೀಸೆಲ್. ನಮ್ಮ ಪೆಟ್ರೋಲ್‌ಗೆ 'ವೆನ್ಜೀನಿ' ಅಂತಲೋ 'ಅಮೋಲಿವ್ದಿ' ಅಂತಲೋ ಹೇಳಬೇಕು. ಎರಡನೆಯದರ ಅರ್ಥ ಸೀಸ ಇಲ್ಲದ್ದು ಅಂತ. ಟ್ಯಾಂಕಿನ ಮುಚ್ಚಳದ ಒಳಗಡೆ ಏನು ಬರೆದಿದೆ ಅಂತ ಒಂದು ಸಲ ತೋರಿಸಿಬಿಡಿ. ಪಾರ್ಕಿಂಗ್ ಬೋರ್ಡಿನಲ್ಲಿ ನೀಲಿ ಕೆಂಪು ವೃತ್ತದ ಒಳಗೆ ಒಂದು ನಿಲುಗೆರೆ ಇದ್ದರೆ ಬೆಸ ತಿಂಗಳಲ್ಲಿ ಆ ಬದಿ ನಿಲ್ಲಿಸುವಂತಿಲ್ಲ, ಎರಡು ಗೆರೆ ಇದ್ದರೆ ಸಮ ತಿಂಗಳಲ್ಲಿ. ಜನವರಿಯಿಂದ ಎಣಿಸಿಕೊಳ್ಳಿ. ಬೋರ್ಡೇ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ.

ಮಧ್ಯಾಹ್ನ ಊಟಕ್ಕೆ ವೈನ್ ತಂದಿಡುತ್ತಾರೆ. ಸ್ಯಾಂಟೊರಿನಿಯ ಅಸಿರ್ತಿಕೋ ದ್ರಾಕ್ಷಿಯ ಬಿಳಿ ವೈನ್ ಕುಡಿಯುವವರಿಗೆ ಬಲು ಇಷ್ಟವಂತೆ. ನಮ್ಮಲ್ಲಿ ರಕ್ತದಲ್ಲಿ 100 ಮಿಲಿಗೆ 30 ಮಿಲಿಗ್ರಾಂ ದಾಟುವಂತಿಲ್ಲ. ಅಲ್ಲಿ ಕಾರಿಗೆ 50, ಬೈಕಿನವರಿಗೆ 20. ಕೀ ಜೇಬಿನಲ್ಲಿದ್ದರೆ ಲೆಕ್ಕ ಹಾಕುತ್ತಾ ಕೂರಬೇಡಿ, ರಾತ್ರಿ ರೂಮಿಗೆ ನಡೆದು ಹೋಗುವ ಊರಿನಲ್ಲಿ ಕುಡಿಯಿರಿ. ಏನಾದರೂ ಆದರೆ 112. ನಮ್ಮ ತುರ್ತು ನಂಬರೇ, ಹೊಸದಾಗಿ ನೆನಪಿಟ್ಟುಕೊಳ್ಳುವ ಕಷ್ಟ ಇಲ್ಲ.

ಈಗ ನಮ್ಮ ಟ್ರಾವೆಲ್ ಏಜೆಂಟರಿಗೆ. ಸ್ವಾಮಿ, ನಿಮ್ಮ ಹನಿಮೂನ್ ಪ್ಯಾಕೇಜಿನ ಪೋಸ್ಟರ್‌ಗಳಲ್ಲಿ ನೀಲಿ ಗುಮ್ಮಟದ ಮುಂದೆ ಹೆಲ್ಮೆಟ್ ಇಲ್ಲದ ಜೋಡಿ ಕ್ವಾಡ್ ಮೇಲೆ ಕೂತಿರುತ್ತದೆ. ಆ ಫೋಟೋ ತೆಗೆದುಹಾಕಿ. ಇನ್ಶೂರೆನ್ಸ್ ಮಾಡಿಸಿಕೊಡುವವರು ನೀವೇ. ಅದರಲ್ಲಿ ಕ್ವಾಡ್, ಬಾಡಿಗೆ ಸ್ಕೂಟರ್ ಸೇರಿದೆಯಾ ಇಲ್ಲವಾ ಅಂತ ಒಂದು ಸಾಲು ಕನ್ನಡದಲ್ಲಿ ಬರೆದುಕೊಡಿ. ನಿಮಗೆ ಒಂದು ನಿಮಿಷದ ಕೆಲಸ. ಬಸ್ಸಿನ ವಿಷಯವನ್ನೂ ಹೇಳಿ. ಸ್ಯಾಂಟೊರಿನಿಯ ಈ ತುದಿಯಿಂದ ಆ ತುದಿಗೆ ರಸ್ತೆಯಲ್ಲಿ 30 ಕಿಲೋಮೀಟರ್ ಒಳಗೇ. ಕೆಟೆಲ್ ಅನ್ನುವ ಬಸ್ಸುಗಳು ಫಿರಾದಿಂದ ಇಯಾ, ಪೆರಿಸ್ಸಾ, ಕಮಾರಿ, ಅಕ್ರೋತಿರಿ ಎಲ್ಲ ಕಡೆ ಓಡುತ್ತವೆ. ಫಿರಾದಲ್ಲಿ ಇಳಿದು ಹತ್ತಬೇಕು, ಸಂಜೆ ರಶ್ ಇರುತ್ತದೆ, ನಿಂತು ಹೋಗಬೇಕಾಗುತ್ತದೆ. ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿದವರಿಗೆ ಅದೇನು ಮಹಾ. ಬಸ್ಸಿನಲ್ಲೂ ಓಡಾಡಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ.

ಬಾಡಿಗೆ ಅಂಗಡಿಯವರಿಗೂ ಆ ದ್ವೀಪದ ಮುನಿಸಿಪಾಲಿಟಿಯವರಿಗೂ ಹೇಳುವುದು ಬಹಳ ಇದೆ. ಅವರು ಕನ್ನಡ ಓದುವುದಿಲ್ಲ, ಇಂಗ್ಲಿಷಿನಲ್ಲಿ ಬೇರೆ ಕಾಗದ ಬರೆದು ಹಾಕಿದ್ದೇನೆ. ಒಂದೇ ಬೇಡಿಕೆ: ಕೀ ಕೊಡುವ ಮೊದಲು ಖಾಲಿ ಜಾಗದಲ್ಲಿ ಹದಿನೈದು ನಿಮಿಷ ಓಡಿಸಿ ತೋರಿಸುವುದನ್ನು ಕಡ್ಡಾಯ ಮಾಡಿ ಅಂತ. ಉತ್ತರ ಬಂದಿಲ್ಲ.

ಪರ್ಮಿಟ್ ಬಗ್ಗೆ ಕೇಳುವವರು ಜಾಸ್ತಿ, ಅದನ್ನೂ ಹೇಳಿಬಿಡುತ್ತೇನೆ. ಅಮೆರಿಕ, ಬ್ರಿಟನ್‌ನಂಥ ಕೆಲವು ದೇಶದವರಿಗೆ ಗ್ರೀಸ್‌ನಲ್ಲಿ ತಮ್ಮ ಲೈಸೆನ್ಸ್ ಸಾಕು. ನಮಗೆ ಸಾಲದು. ನಮ್ಮ ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಪರಿವಾಹನ್ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ, ಆರ್‌ಟಿಓದಲ್ಲಿ ಮಾಡಿಸಬೇಕು. ಒಂದು ವರ್ಷ ನಡೆಯುತ್ತದೆ. ಹೊರಡುವ ಮೊದಲೇ ಮಾಡಿಸಿ, ಅಲ್ಲಿ ಹೋದ ಮೇಲೆ ಆಗುವ ಕೆಲಸ ಅಲ್ಲ. ನಿಮ್ಮ ಲೈಸೆನ್ಸ್‌ನಲ್ಲಿ ಎಲ್‌ಎಂವಿ, ಅಂದರೆ ಕಾರು ಓಡಿಸುವ ಅನುಮತಿ, ಇದೆಯಾ ನೋಡಿಕೊಳ್ಳಿ. ಬರೀ ಸ್ಕೂಟರ್ ಲೈಸೆನ್ಸ್ ಇಟ್ಟುಕೊಂಡು ಕ್ವಾಡ್ ಕೇಳಬೇಡಿ. ಕೊಡುವ ಅಂಗಡಿ ಸಿಕ್ಕರೂ ಪೆಟ್ಟಾದ ದಿನ ಯಾರೂ ನಿಮ್ಮ ಜೊತೆ ನಿಲ್ಲುವುದಿಲ್ಲ. ಗಂಡನೊಬ್ಬನೇ ಮಾಡಿಸುವುದು ಬೇಡ, ಇಬ್ಬರೂ ಮಾಡಿಸಿ.

ಇಷ್ಟೆಲ್ಲ ಓದಿದ ಮೇಲೂ ಕ್ವಾಡ್ ಬೇಕೇ ಬೇಕು ಅನ್ನುವವರಿಗೆ: ಶೂ ಹಾಕಿ. ಹೆಲ್ಮೆಟ್ ಪಟ್ಟಿ ಗಲ್ಲದ ಕೆಳಗೆ ಬಿಗಿಯಾಗಿ ನಿಲ್ಲದಿದ್ದರೆ ಬೇರೆ ಕೇಳಿ. ಬೆಳಗಿನ ಹೊತ್ತು ಓಡಿಸಿ, ಇಯಾದಿಂದ ಕತ್ತಲಲ್ಲಿ ವಾಪಸ್ ಬರುವ ಪ್ಲಾನ್ ಬಿಡಿ. ಕಾಲು ಮೆಟ್ಟುಹಲಗೆಯ ಮೇಲೆ ಇರಲಿ, ಗಾಡಿ ಪೂರ್ತಿ ನಿಂತ ಮೇಲೂ.

ನನ್ನ ಭಾವಮೈದ ಅವತ್ತು ಇನ್ನೊಂದು ಕ್ವಾಡ್‌ನಲ್ಲಿ ನಮ್ಮ ಹಿಂದೆಯೇ ಬರುತ್ತಿದ್ದ. ಅವನಿಗೆ ಏನೂ ಆಗಲಿಲ್ಲ. 'ಭಾವ, ಗಾಡೀದೇನೂ ತಪ್ಪಿಲ್ಲ, ನಿಮಗೆ ಓಡಿಸೋಕೆ ಬರಲಿಲ್ಲ ಅಷ್ಟೇ' ಅಂತ ಈಗಲೂ ಹಬ್ಬಕ್ಕೆ ಬಂದಾಗಲೆಲ್ಲ ಹೇಳುತ್ತಾನೆ. ಬರುವ ಮೇ ತಿಂಗಳಲ್ಲಿ ಸ್ನೇಹಿತರ ಜೊತೆ ಮಿಲೋಸ್‌ಗೆ ಹೊರಟಿದ್ದಾನೆ. ನಾಲ್ಕು ಕ್ವಾಡ್ ಈಗಲೇ ಬುಕ್ ಆಗಿವೆಯಂತೆ. ಈ ಪತ್ರದ ಮೊದಲ ಪ್ರತಿಯನ್ನು ಅವನ ಹೆಂಡತಿಯ ವಾಟ್ಸಾಪ್‌ಗೆ ಕಳಿಸಿದ್ದೇನೆ.

ಇಂತಿ,
ಮೈಸೂರಿನಿಂದ, ಆರು ಹೊಲಿಗೆಯ ನಿಮ್ಮವ